ಪೈಲಟ್‌ಗಳು ಕೊನೆಗೂ ಫೋನ್ ಮಾಡತೊಡಗಿದರು: ಪೀರ್ ಸಪೋರ್ಟ್ ನಡೆಸಿದ ಅನುಭವ

ನಮ್ಮ ವಿಮಾನ ಕಂಪನಿಯಲ್ಲಿ ಪೈಲಟ್‌ಗಳಿಗೆ ಪೈಲಟ್‌ಗಳೇ ಕಿವಿಗೊಡುವ ತಂಡ ಕಟ್ಟುತ್ತೇವೆ ಎಂದಾಗ ಆಡಳಿತದವರು ‘ಒಬ್ಬರೂ ಫೋನ್ ಮಾಡುವುದಿಲ್ಲ’ ಎಂದರು. ಪೈಲಟ್‌ಗಳು ‘ಇದು ಹೆಸರು ಕಲೆಹಾಕುವ ಉಪಾಯ’ ಎಂದರು. ಈಗ ತಿಂಗಳಿಗೆ ಹತ್ತು ಹನ್ನೆರಡು ಕರೆ ಬರುತ್ತವೆ. 2023ರ ಫೆಬ್ರುವರಿಯಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎಯಿಂದ ಪೈಲಟ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಬಂದ ಮೇಲೆ ಬೇರೆ ಕಂಪನಿಗಳಲ್ಲೂ ಇಂಥ ತಂಡಗಳ ಮಾತು ನಡೆದಿರುವುದರಿಂದ, ಇದು ಎಲ್ಲೆಲ್ಲಿ ಕೆಡುತ್ತದೆ ಎಂದು ಬರೆದಿಡುತ್ತಿದ್ದೇನೆ.

ಮೊದಲು ಹಣ ನುಂಗಿದ್ದು ಪೋಸ್ಟರ್ ಮತ್ತು ಪ್ರಶ್ನಾವಳಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳನ್ನು ಕಂಪನಿಯ ಆ್ಯಪ್‌ನಲ್ಲಿ ಹಾಕಿದಾಗ ಹೆಚ್ಚುಕಡಿಮೆ ಎಲ್ಲರದ್ದೂ ಸೊನ್ನೆ. ಎಂಪ್ಲಾಯಿ ನಂಬರ್ ಹಾಕಿ ಒಳಗೆ ಹೋಗಬೇಕಾದ ಕಡೆ ಯಾರು ತಾನೇ ನಿಜ ಬರೆಯುತ್ತಾರೆ? ಕ್ರೂ ರೂಮಿನಲ್ಲಿ ಅಂಟಿಸಿದ ಕ್ಯೂಆರ್ ಕೋಡನ್ನೂ ಯಾರೂ ಸ್ಕ್ಯಾನ್ ಮಾಡಲಿಲ್ಲ, ಎದುರಿಗೇ ಸಿಸಿಟಿವಿ ಇತ್ತು. ಅದೇ ಸ್ಟಿಕರನ್ನು ಟಾಯ್ಲೆಟ್ ಬಾಗಿಲಿನ ಒಳಬದಿಗೆ ಹಾಕಿದ ಮೇಲೆ ಸ್ಕ್ಯಾನ್ ಶುರುವಾಯಿತು. ಖರ್ಚು ಎರಡು ಸಾವಿರವೂ ಇಲ್ಲ.

ಪೈಲಟ್ ಬಾಯಿ ಬಿಡದಿರುವುದಕ್ಕೆ ನಾಚಿಕೆಯಷ್ಟೇ ಕಾರಣವಲ್ಲ, ಇಎಂಐ ಕೂಡ ಕಾರಣ. 2015ರ ಮಾರ್ಚ್ 24ರಂದು ಸಹಪೈಲಟ್ ಬೇಕೆಂದೇ ವಿಮಾನವನ್ನು ಆಲ್ಪ್ಸ್‌ನಲ್ಲಿ ಕೆಡವಿ 150 ಜನರ ಜೀವ ತೆಗೆದ ಜರ್ಮನ್‌ವಿಂಗ್ಸ್ ಪ್ರಕರಣದ ತನಿಖಾ ವರದಿಯನ್ನು ಈ ಕಣ್ಣಿನಿಂದ ಓದಬೇಕು. ಸಹಪೈಲಟ್‌ಗೆ ತರಬೇತಿಗಾಗಿ ಮಾಡಿದ ಸುಮಾರು 41 ಸಾವಿರ ಯೂರೋ ಸಾಲವಿತ್ತು. ಹಾರಲು ಅನ್‌ಫಿಟ್ ಆದರೆ ಆದಾಯ ತುಂಬಿಕೊಡುವ ವಿಮೆ ಇರಲಿಲ್ಲ. ವೈದ್ಯರು ಬರೆದುಕೊಟ್ಟ ರಜೆ ಚೀಟಿಗಳಲ್ಲಿ ಕೆಲವು ಕಂಪನಿಗೆ ತಲುಪಲೇ ಇಲ್ಲ. ನಮ್ಮ ಹುಡುಗರು ಸಿಪಿಎಲ್‌ಗೂ (ವಾಣಿಜ್ಯ ಪೈಲಟ್ ಲೈಸೆನ್ಸ್) ಟೈಪ್ ರೇಟಿಂಗ್‌ಗೂ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಜಮೀನು ಅಡವಿಟ್ಟು ಬಂದವರು. ಗ್ರೌಂಡ್ ಆದರೆ, ಅಂದರೆ ಹಾರಾಟದಿಂದ ಕೆಳಗಿಳಿಸಿದರೆ, ಫ್ಲೈಯಿಂಗ್ ಅಲೋಯನ್ಸ್ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಹಾಗಾಗಿ ಫೋನ್ ಲೈನಿಗಿಂತ ಮೊದಲು ನಿಧಿ ಮಾಡಿದೆವು. ಪೈಲಟ್ ಒಬ್ಬರಿಂದ ತಿಂಗಳಿಗೆ ಮುನ್ನೂರು ರೂಪಾಯಿ. ಗ್ರೌಂಡ್ ಆದವರಿಗೆ ಮೂರು ತಿಂಗಳ ಕಂತು. ಕಾರಣ ಕೇಳುವ ಹಾಗಿಲ್ಲ. ಬೆನ್ನುನೋವಿಗೂ ಖಿನ್ನತೆಗೂ ಒಂದೇ ಫಾರ್ಮ್, ಹಣ ಪಡೆದವರನ್ನು ನೋಡಿ ಕಾಯಿಲೆ ಊಹಿಸಲು ಆಗಬಾರದು. ಅನಾರೋಗ್ಯದಿಂದ ಲೈಸೆನ್ಸ್ ಹೋದರೆ ಹಣ ಕೊಡುವ ಲೈಸೆನ್ಸ್ ನಷ್ಟದ ವಿಮೆಯನ್ನು ನಂಬಿ ಕೂರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ವೈದ್ಯಕೀಯ ವಿಮೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ, ಆದರೆ ಲೈಸೆನ್ಸ್ ವಿಮೆಯ ಷರತ್ತುಗಳೇ ಬೇರೆ. ಪಾಲಿಸಿಯಲ್ಲಿ ಏನೇನು ಹೊರಗಿಟ್ಟಿದ್ದಾರೆ ಎಂಬ ಪುಟವನ್ನು ಮೊದಲು ಓದಿ.

ಪೀರ್‌ಗಳ, ಅಂದರೆ ಕರೆಗೆ ಕಿವಿಗೊಡುವ ಪೈಲಟ್‌ಗಳ ಆಯ್ಕೆಯಲ್ಲಿ ಒಂದು ನಿಯಮ ಸಡಿಲಿಸಬೇಡಿ: ಚೆಕ್ ಪೈಲಟ್ (ಬೇರೆ ಪೈಲಟ್‌ಗಳನ್ನು ಪರೀಕ್ಷಿಸುವವರು), ಬೇಸ್ ಮ್ಯಾನೇಜರ್, ಫ್ಲೈಟ್ ಸೇಫ್ಟಿಯವರು ಬೇಡ. ಮುಂದಿನ ತಿಂಗಳು ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಮಾಡುವವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಐವತ್ತು ಅರವತ್ತು ಪೈಲಟ್‌ಗಳಿಗೆ ಒಬ್ಬರು ಸಾಕು. ಕ್ಯಾಪ್ಟನ್, ಫಸ್ಟ್ ಆಫೀಸರ್, ಮಹಿಳಾ ಪೈಲಟ್, ಹೊಸಬರು ಎಲ್ಲರೂ ಇರಲಿ. ಎರಡು ದಿನದ ತರಬೇತಿಯಲ್ಲಿ ಅರ್ಧದಷ್ಟು ರೋಲ್ ಪ್ಲೇ. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳುವುದು ಬಾಯಿಗೆ ರೂಢಿಯಾಗುವ ತನಕ ಬಿಡಬಾರದು. ತರಬೇತಿ, ವಾರಕ್ಕೊಂದು ಗಂಟೆ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಮೇಲುಸ್ತುವಾರಿ ಎಲ್ಲ ಸೇರಿ ಮೊದಲ ವರ್ಷ ಐದಾರು ಲಕ್ಷ ಆಗಿರಬೇಕು. ಒಬ್ಬ ಪೀರ್ ಏಕಕಾಲಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಹಿಡಿದರೆ ಅವರೇ ಕುಸಿಯುತ್ತಾರೆ. ಇನ್ನೊಂದು ಅಪಾಯವೆಂದರೆ ಪೀರ್ ತಾನೇ ಡಾಕ್ಟರ್ ಆಗಿಬಿಡುವುದು. ಎರಡು ಮೂರು ಸಲ ಮಾತಾಡಿಯೂ ನಿದ್ದೆ ಸರಿಹೋಗದಿದ್ದರೆ ಸೈಕಾಲಜಿಸ್ಟ್‌ಗೆ ದಾಟಿಸಲೇಬೇಕು.

ಫೋನ್ ಕಂಪನಿಯ ಎಕ್ಸ್‌ಚೇಂಜ್ ಮೂಲಕ ಬರಬಾರದು. ಬೇರೆ ಸಿಮ್, ಬೇರೆ ಬಿಲ್. ದಾಖಲೆಯಲ್ಲಿ ತಿಂಗಳು ಮತ್ತು ವಿಷಯದ ಕೋಡ್ ಮಾತ್ರ: ದಣಿವು, ದಾಂಪತ್ಯ, ಸಾಲ, ಕುಡಿತ, ಸಾವು, ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಫೇಲ್. ಹೆಸರು, ಬೇಸ್, ವಿಮಾನದ ಮಾದರಿ ಯಾವುದೂ ಬೇಡ. ಆಡಳಿತಕ್ಕೆ ಮೂರು ತಿಂಗಳಿಗೊಮ್ಮೆ ಒಟ್ಟು ಲೆಕ್ಕ ಕೊಡುತ್ತೇವೆ. ಐದಕ್ಕಿಂತ ಕಡಿಮೆ ಇರುವ ಅಂಕಿ ಹೊರಗೆ ಹೋಗುವುದಿಲ್ಲ. ನಾಲ್ಕೇ ಎಟಿಆರ್ ವಿಮಾನದ ಕ್ಯಾಪ್ಟನ್‌ಗಳಿರುವ ಬೇಸ್‌ನಿಂದ ‘ಒಂದು ಕರೆ, ಕುಡಿತ’ ಎಂದು ಬರೆದರೆ ಅದು ಹೆಸರು ಹೇಳಿದ ಹಾಗೇ. ಎಚ್‌ಆರ್‌ನವರು ಪಟ್ಟಿ ಕೇಳಿಯೇ ಕೇಳುತ್ತಾರೆ. ಇರದ ಪಟ್ಟಿಯನ್ನು ಯಾರೂ ಕಸಿಯಲಾರರು.

ಗುಟ್ಟಿಗೂ ಮಿತಿ ಇದೆ, ಅದನ್ನು ಕರೆಯ ಶುರುವಿನಲ್ಲೇ ಹೇಳುತ್ತೇವೆ: ತನ್ನ ಅಥವಾ ಬೇರೆಯವರ ಜೀವಕ್ಕೆ ತಕ್ಷಣದ ಅಪಾಯ, ಅಥವಾ ಅಮಲಿನಲ್ಲಿ ಡ್ಯೂಟಿಗೆ ಹೊರಟಿರುವುದು. ಆಗಲೂ ಮೊದಲ ಹೆಜ್ಜೆ ಅವರದೇ ಆಗಲಿ: ‘ಅನ್‌ಫಿಟ್’ ಎಂದು ಡ್ಯೂಟಿ ಹಂಚುವ ರೋಸ್ಟರ್‌ನವರಿಗೆ ಅವರೇ ಹೇಳಲಿ, ಆ ತನಕ ಪೀರ್ ಲೈನಿನಲ್ಲೇ ಇರಬೇಕು. ಅವರು ಹೇಳದಿದ್ದರೆ ಸೈಕಾಲಜಿಸ್ಟ್ ಹೇಳುತ್ತಾರೆ, ಕಾರಣ ಕೊಡದೆ. ‘ಕ್ಯಾಪ್ಟನ್, ಇದು ಆಫೀಸಿಗೆ ಗೊತ್ತಾಗತ್ತಾ?’ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ನಮ್ಮ ಪೀರ್‌ಗಳು ಕೊಡುವ ಉತ್ತರದ ಮೊದಲ ವಾಕ್ಯವೇ ನಮ್ಮ ಶಕ್ತಿ. ಅದನ್ನು ತರಬೇತಿಗೆ ಬಂದವರಿಗೆ ಮಾತ್ರ ಕಲಿಸುತ್ತೇವೆ.

ಪ್ರಯೋಗಕ್ಕೆಂದು ಮನೆಯವರಿಗೂ ನಂಬರ್ ಕೊಟ್ಟೆವು. ಪೈಲಟ್‌ಗಿಂತ ಮೊದಲು ಹೆಂಡತಿಯೋ ತಾಯಿಯೋ ಫೋನ್ ಮಾಡುವುದು ಕಡಿಮೆಯೇನಲ್ಲ. ಇನ್ನೊಂದು ಪ್ರಯೋಗ, ದುರಂತದ ನಂತರ ಕಾಯದೆ ನಾವೇ ಫೋನ್ ಮಾಡುವುದು. ಅಹಮದಾಬಾದ್ ವಿಮಾನ ದುರಂತವಾಗಿ ನಾಲ್ಕು ದಿನಕ್ಕೆ, 2025ರ ಜೂನ್ 16ರಂದು, ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿದ್ದರು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅಂಥ ಹೊತ್ತಿನಲ್ಲಿ ‘ಊಟ ಆಯ್ತಾ, ನಿದ್ದೆ ಬರ್ತಿದೆಯಾ’ ಎಂಬ ಐದು ನಿಮಿಷದ ಕರೆ ಸಾಕು.

ಗ್ರೌಂಡ್ ಆದವರು ಮರಳುವಾಗ ತಡವಾಗುವುದು ಹೆಚ್ಚಾಗಿ ಕಾಗದದಿಂದ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ತಪಾಸಣೆಗೆ ಹೋಗುವಾಗ ಮನೋವೈದ್ಯರ ಸಾರಾಂಶ, ಔಷಧ ಶುರು ಮಾಡಿದ ಮತ್ತು ನಿಲ್ಲಿಸಿದ ತಾರೀಖು, ಡೋಸ್ ಬದಲಾವಣೆ, ಕೆಲವು ವಾರಗಳ ನಿದ್ದೆಯ ಟಿಪ್ಪಣಿ ಕೈಯಲ್ಲಿರಲಿ. ‘ಈಗ ಚೆನ್ನಾಗಿದ್ದಾರೆ’ ಎಂಬ ಒಂದು ಸಾಲಿನ ಸರ್ಟಿಫಿಕೇಟ್ ಒಯ್ದರೆ ಮತ್ತೆ ದಾಖಲೆ ಕೇಳುತ್ತಾರೆ. ಅಷ್ಟು ತಡವಾದರೆ ನಿಧಿಯಿಂದ ಇನ್ನೊಂದು ಕಂತು ಹೋದ ಹಾಗೆ.