ಮುರಕಲ್ಲಿನ ಗೋಡೆ, ಅಡಿಕೆ ತೋಟ: ನಾನು ವೈಫೈ ಸರ್ವೆ ಮಾಡುವ ರೀತಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಶಾಲೆಗಳಿಗೆ ವೈಫೈ ಹಾಕಿಕೊಡುವುದು ನನ್ನ ಕೆಲಸ. ಸರ್ವೆ ಅಂದರೆ ಎಲ್ಲಿ ಎಷ್ಟು ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಅಳೆಯುವುದು. ಅದು ಮುಗಿಯದೆ ಗೋಡೆಗೆ ಡ್ರಿಲ್ ಹಾಕುವುದಿಲ್ಲ. ಈ ವಿಷಯದಲ್ಲಿ ನನ್ನದು ಹಟವೇ. "ಎರಡು ಕ್ಲಾಸಿಗೆ ಒಂದು ವೈಫೈ ಪೆಟ್ಟಿಗೆ ಹಾಕಿದ್ರೆ ಸಾಕಾಗ್ಲಿಕ್ಕಿಲ್ವಾ?" ಎಂದು ಒಂದು ಶಾಲೆಯ ಹೆಡ್‌ಮಾಷ್ಟ್ರು ಕೇಳಿದರು. "ಅಳೆದು ನೋಡಿ ಹೇಳ್ತೇನೆ ಮಾಷ್ಟ್ರೇ" ಎಂದೆ.

ಅಲ್ಲಿನ ಹಳೆ ಕಟ್ಟಡ ಮುರಕಲ್ಲಿನದು (ಜಂಬಿಟ್ಟಿಗೆ ಕಲ್ಲು). ಹೊಸದು ಕಾಂಕ್ರೀಟಿನದು. ಪ್ಲಾನ್ ಕೊಟ್ಟರೆ ಎಲ್ಲಿ ಎಷ್ಟು ಸಿಗ್ನಲ್ ಬರುತ್ತದೆ ಎಂದು ಅಂದಾಜು ಮಾಡುವ ಸಾಫ್ಟ್‌ವೇರ್‌ಗಳಿವೆ. ಆದರೆ ಗೋಡೆ ಎಷ್ಟು ಸಿಗ್ನಲ್ ತಡೆಯುತ್ತದೆ ಎಂಬುದನ್ನು ಅದಕ್ಕೆ ನಾವೇ ಹೇಳಬೇಕು. ನಾನು ಬಳಸುವುದರಲ್ಲಿ ಇಟ್ಟಿಗೆ ಇದೆ, ಕಾಂಕ್ರೀಟ್ ಇದೆ, ಮುರಕಲ್ಲು ಇಲ್ಲ. ಹಾಗಾಗಿ ನಾನೇ ಅಳೆಯುತ್ತೇನೆ. ಒಂದು ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ) ಇಟ್ಟು, ಗೋಡೆಯ ಈಚೆ ಒಂದು ಲೆಕ್ಕ, ಆಚೆ ಒಂದು ಲೆಕ್ಕ. ಎರಡರ ವ್ಯತ್ಯಾಸವೇ ಆ ಗೋಡೆ ತಡೆಯುವ ಸಿಗ್ನಲ್. ಅದರ ಅಳತೆ ಡೆಸಿಬೆಲ್‌ನಲ್ಲಿ: 3 ಡೆಸಿಬೆಲ್ ಹೋದರೆ ಶಕ್ತಿ ಅರ್ಧವಾಯಿತು, 10 ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಮುರಕಲ್ಲು ತೂತು ತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ. ನೀರು ಅಲೆಯನ್ನು ನುಂಗುತ್ತದೆ. ಬೇಸಿಗೆಯ ಲೆಕ್ಕ ನಂಬಿ ಕೂತರೆ ಜುಲೈಯಲ್ಲಿ ಫೋನ್ ಬರುತ್ತದೆ.

ಆಮೇಲೆ ನಡೆಯುವ ಕೆಲಸ. ಸ್ಟ್ಯಾಂಡಿನ ಮೇಲೆ, ಕೊನೆಗೆ ಎಷ್ಟು ಎತ್ತರದಲ್ಲಿ ಕೂರಿಸುತ್ತೇವೋ ಅಷ್ಟೇ ಎತ್ತರಕ್ಕೆ ಆಕ್ಸೆಸ್ ಪಾಯಿಂಟ್ ಕಟ್ಟುತ್ತೇನೆ. ಕರೆಂಟ್ ಹೋಗುವುದು ಇದ್ದದ್ದೇ, ಅದಕ್ಕೆ ಬ್ಯಾಟರಿಯಲ್ಲಿ ಓಡಿಸುತ್ತೇನೆ. ಬಾಗಿಲು ಹಾಕಿಸಿ, ಮೂಲೆ ಮೂಲೆಗೂ ಹೋಗಿ ಪ್ಲಾನಿನಲ್ಲಿ ಗುರುತು ಹಾಕುತ್ತೇನೆ. ವಿಡಿಯೋ ಕಾಲ್ ಕಡಿಯಬಾರದು ಅಂದರೆ ಮೈನಸ್ 67 ಡಿಬಿಎಂ ಆದರೂ ಬೇಕು. ಡಿಬಿಎಂ ಸಿಗ್ನಲಿನ ಬಲದ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಬಲ ಜಾಸ್ತಿ. ಅಳೆಯುವುದು ಲ್ಯಾಪ್‌ಟಾಪಿನಲ್ಲಿ ಮಾತ್ರ ಅಲ್ಲ, ಟೀಚರುಗಳ ಹಳೇ ಮೊಬೈಲಿನಲ್ಲೂ. ಮೊಬೈಲಿನ ದನಿ ಸಣ್ಣದು. ಆಕ್ಸೆಸ್ ಪಾಯಿಂಟಿನ ಪವರ್ ಏರಿಸಿದರೆ ಫೋನಿಗೆ ಅದು ಕೇಳಿಸುತ್ತದೆ, ಫೋನ್ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ. ಫುಲ್ ಸಿಗ್ನಲ್ ಇದ್ದೂ ಏನೂ ತೆರೆಯದಿರುವುದಕ್ಕೆ ಇದೂ ಒಂದು ಕಾರಣ.

ಆ ಶಾಲೆಯ ಹಳೆ ಕಟ್ಟಡದಲ್ಲಿ ಗೋಡೆ ದಾಟಿ ಬಂದದ್ದಕ್ಕಿಂತ ಜಗಲಿಗೆ ಹೋಗಿ ಕಿಟಕಿಯಿಂದ ಒಳಗೆ ನುಗ್ಗಿದ ಸಿಗ್ನಲೇ ಜಾಸ್ತಿ ಇತ್ತು. ಅಂತ ಕಡೆ ಜಗಲಿಯಲ್ಲೇ ಸಾಲಾಗಿ ಹಾಕಿಬಿಡುವ ಆಸೆ ಆಗುತ್ತದೆ. ಹಾಕಬಾರದು. ಜಗಲಿಯಲ್ಲಿ ಅವು ಒಂದಕ್ಕೊಂದು ಎದುರೆದುರು ಕೂಗಾಡುತ್ತವೆ, ಅಲ್ವಾ? ಕೋಣೆಯೊಳಗೇ ಇಟ್ಟರೆ ಒಂದರ ಕೂಗು ಇನ್ನೊಂದಕ್ಕೆ ಹೋಗದಂತೆ ತಡೆಯುವ ಗೋಡೆಯೇ ನಮಗೆ ಉಪಕಾರಿ. ವೈಫೈ ಓಡುವ ಅಲೆಗಳಲ್ಲಿ 2.4 ಗಿಗಾಹರ್ಟ್ಸ್ ಒಂದು, 5 ಗಿಗಾಹರ್ಟ್ಸ್ ಇನ್ನೊಂದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ (ಸಿಗ್ನಲ್ ಹೋಗುವ ದಾರಿ) ಮೂರೇ: 1, 6, 11. ಪಕ್ಕದ ಅಂಗಡಿಗಳ ವೈಫೈಯೂ ಅಲ್ಲೇ ಇರುತ್ತದೆ. ಮಕ್ಕಳ ಕ್ಲಾಸುಗಳಿಗೆ ನಾನು 5 ಗಿಗಾಹರ್ಟ್ಸನ್ನೇ ನೆಚ್ಚಿಕೊಳ್ಳುವುದು. ಗೋಡೆ ದಾಟುವುದು ಕಮ್ಮಿ, ಆದರೆ ಚಾನೆಲ್ ಬೇಕಾದಷ್ಟು. ಹಳೆ ಕಟ್ಟಡಕ್ಕೆ ಕ್ಲಾಸಿಗೊಂದು ಬೇಕೇ ಬೇಕು ಎಂದು ಹೆಡ್‌ಮಾಷ್ಟ್ರಿಗೆ ಪ್ಲಾನ್ ಬಿಡಿಸಿ ತೋರಿಸಿದೆ. ಗುರುತುಗಳನ್ನು ನೋಡಿ ಅವರು ಒಪ್ಪಿದರು.

ಗುಡ್ಡದ ಮೇಲಿನ ಇನ್ನೊಂದು ಕಟ್ಟಡಕ್ಕೆ ಎರಡು ಡಿಶ್ ಎದುರುಬದುರು ಇಟ್ಟು ವೈರ್ ಇಲ್ಲದ ಲಿಂಕ್ ಎಳೆಯಬೇಕಿತ್ತು. ದೂರ ಸುಮಾರು 300 ಮೀಟರ್, ನಡುವೆ ಅಡಿಕೆ ತೋಟ. ಎರಡು ಡಿಶ್ ಒಂದಕ್ಕೊಂದು ಕಂಡರೆ ಸಾಕು ಎಂದು ಎಷ್ಟೋ ಜನ ತಿಳಿದಿದ್ದಾರೆ. ಸಾಲದು. 5.8 ಗಿಗಾಹರ್ಟ್ಸ್‌ನಲ್ಲಿ ಅಷ್ಟು ದೂರಕ್ಕೆ, ನಟ್ಟನಡುವೆ ಎರಡು ಡಿಶ್ ಸೇರಿಸುವ ಗೆರೆಯ ಸುತ್ತ ಸುಮಾರು 2 ಮೀಟರ್ ಫ್ರೆನೆಲ್ ವಲಯ, ಅಂದರೆ ಅಲೆ ಹರಡಿಕೊಂಡು ಹೋಗುವ ಜಾಗ, ಇರುತ್ತದೆ. ಅದರಲ್ಲಿ 60 ಶೇಕಡಾ ಆದರೂ ಖಾಲಿ ಇರಬೇಕು. ಸೋಗೆಯ ಕೆಳಗಿಂದ, ಮರಗಳ ನಡುವೆ ಬಿಡೋಣ ಅಂದರೆ ಮರಕ್ಕೆಲ್ಲ ಒಳ್ಳೆಮೆಣಸಿನ ಬಳ್ಳಿ. ಮೇಲಿಂದ ಬಿಡೋಣ ಅಂದರೆ ಅಡಿಕೆ ಮರ ಬೆಳೆಯುತ್ತಲೇ ಇರುತ್ತದೆ, ಗಾಳಿಗೆ ತೂಗುತ್ತದೆ, ಮಳೆಗೆ ಸೋಗೆ ಒದ್ದೆಯಾಗುತ್ತದೆ. ತೋಟದವರನ್ನೇ ಕೇಳಿದೆ. "ಈ ಬದಿಯದ್ದು ಎಳೇ ಸಸಿ, ಇನ್ನೂ ಎತ್ತರ ಹೋಗ್ತದೆ ಅಣ್ಣ" ಎಂದರು. ಅದಕ್ಕೇ ತೋಟ ಬಿಟ್ಟು, ರಸ್ತೆ ಬದಿಯ ನೀರಿನ ಟ್ಯಾಂಕಿನ ಮೇಲೆ ಕಂಬ ನಿಲ್ಲಿಸಿ, ರಸ್ತೆಯ ನೇರಕ್ಕೆ ಲಿಂಕ್ ತಿರುಗಿಸಿದೆ. ಕೇಬಲ್ ಸ್ವಲ್ಪ ಜಾಸ್ತಿ ಹೋಯಿತು.

ಎಲ್ಲ ಕೂರಿಸಿದ ಮೇಲೆ, ಕ್ಲಾಸು ನಡೆಯುತ್ತಿರುವಾಗ, ಅದೇ ಗುರುತುಗಳಲ್ಲಿ ಮತ್ತೆ ನಡೆದು ಅಳೆದೆ. ಮಕ್ಕಳು ತುಂಬಿದ ಕೋಣೆಯ ಲೆಕ್ಕವೇ ಬೇರೆ. ಲ್ಯಾಬಿನ ಹಿಂದಿನ ಸಾಲಿನಲ್ಲಿ ಕಡಿಮೆ ಬಂತು. ಅಲ್ಲಿನ ಕಬ್ಬಿಣದ ಕಪಾಟನ್ನು ಆಚೆ ಗೋಡೆಗೆ ಸರಿಸಿದ ಮೇಲೆ ಸರಿಹೋಯಿತು.