ಮಳೆ ಅಳೆಯೋಣ ಬನ್ನಿ ಮಕ್ಕಳೇ

ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ತರಗತಿಯಲ್ಲಿ ಮೇಷ್ಟ್ರ ಮಾತು ಕೇಳಿಸುವುದಿಲ್ಲ. ಹಾಗಾದರೆ ಆ ಮಳೆಯನ್ನೇ ಪಾಠ ಮಾಡಬಹುದಲ್ವಾ? ತೀರ್ಥಹಳ್ಳಿ, ಹೊಸನಗರದ ಕಡೆಯ ಎಷ್ಟೋ ಶಾಲೆಗಳಲ್ಲಿ ಪ್ರಯೋಗಾಲಯ ಇಲ್ಲ. ಮಳೆಗಂತೂ ಬರವಿಲ್ಲ.

ಮಳೆಮಾಪಕ ಮಾಡಲು ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಟೇಪು, ಸ್ಕೇಲು, ಮಾರ್ಕರ್ ಪೆನ್, ಹಿಡಿ ಕಲ್ಲು ಸಾಕು. ಬಾಟಲಿಯ ನಡುಭಾಗ ನೇರವಾಗಿರಲಿ. ಸೊಂಟ ಸಣ್ಣಗಿದ್ದರೆ ಅಳತೆ ತಪ್ಪುತ್ತದೆ.

ಕುತ್ತಿಗೆಯ ಇಳಿಜಾರು ಶುರುವಾಗುವ ಜಾಗದಿಂದ ಒಂದು ಬೆರಳು ಕೆಳಗೆ, ಸುತ್ತಲೂ ಕತ್ತರಿಸಿ. ಇದು ದೊಡ್ಡವರ ಕೆಲಸ. ಒಳಗೆ ಕಲ್ಲು ಹಾಕಿ. ಬಾಟಲಿ ಗಾಳಿಗೆ ಬೀಳುವುದಿಲ್ಲ. ತಳ ಉಬ್ಬುತಗ್ಗಾಗಿರುವುದರಿಂದ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿಸಿ ಅಲ್ಲಿಗೆ ಸೊನ್ನೆ ಗೆರೆ ಹಾಕಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಇಟ್ಟು ಮಿಲಿಮೀಟರ್ ಗುರುತು ಮಾಡಿ. ಕತ್ತರಿಸಿದ ಮೇಲ್ಭಾಗದ ಮುಚ್ಚಳ ತೆಗೆದು, ತಲೆಕೆಳಗಾಗಿ ಒಳಗೆ ಕೂರಿಸಿ, ಅಂಚಿಗೆ ಟೇಪು ಸುತ್ತಿ. ಆಲಿಕೆ ಆಯ್ತು.

ಎಲ್ಲಿಡಬೇಕು? ಇದನ್ನು ಮಕ್ಕಳೇ ಹೇಳಲಿ. ಒಬ್ಬರು ಮಾಡಿನ ಸೂರಿನ ಕೆಳಗೆ ಅನ್ನುತ್ತಾರೆ, ಇನ್ನೊಬ್ಬರು ಹಲಸಿನ ಮರದಡಿ. ತಪ್ಪು ಅನ್ನಬೇಡಿ, ಅಲ್ಲೂ ಒಂದೊಂದು ಬಾಟಲಿ ಇಡಿ. ಮೂರನೆಯದು ಬಯಲಿನಲ್ಲಿರಲಿ, ಮರ ಇಪ್ಪತ್ತು ಅಡಿ ಎತ್ತರವಿದ್ದರೆ ಅದರಿಂದ ನಲವತ್ತು ಅಡಿ ದೂರ. ಮಾರನೇ ದಿನ ಮೂರೂ ಬಾಟಲಿಗಳನ್ನು ಎದುರಿಗೆ ಸಾಲಾಗಿ ಇಟ್ಟರೆ ನೀವು ವಿವರಿಸುವುದೇ ಬೇಕಾಗುವುದಿಲ್ಲ.

ಹವಾಮಾನ ಇಲಾಖೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ನೀವು ಪ್ರಾರ್ಥನೆ ಮುಗಿದ ಕೂಡಲೇ ನೋಡಿ, ಆದರೆ ದಿನಾ ಅದೇ ಹೊತ್ತಿಗೆ. ಕಣ್ಣು ನೀರಿನ ಮಟ್ಟಕ್ಕೆ ಬರುವಂತೆ ಮಗು ಕುಕ್ಕರಗಾಲಲ್ಲಿ ಕೂರಲಿ. ಬರೆದಾದ ಮೇಲೆ ನೀರನ್ನು ಸೊನ್ನೆ ಗೆರೆಯವರೆಗೆ ಚೆಲ್ಲಿ. ಜೋರು ಮಳೆಯಲ್ಲಿ ಒಂದೇ ದಿನಕ್ಕೆ ಬಾಟಲಿ ತುಂಬಿ ಹೋಗಬಹುದು, ಸಂಜೆಯೂ ಒಮ್ಮೆ ನೋಡಿ ಕೂಡಿಸಿ.

ನಲಿ-ಕಲಿಯ ಪುಟ್ಟ ಮಕ್ಕಳಿಗೆ ಮಿಲಿಮೀಟರ್ ಬರುವುದಿಲ್ಲ, ಪರವಾಗಿಲ್ಲ. ನೀರು ಎಷ್ಟು ಎತ್ತರವೋ ಅಷ್ಟೇ ಉದ್ದದ ಕಾಗದದ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಲಿ. ದಿನಕ್ಕೊಂದು ಪಟ್ಟಿ. ತಿಂಗಳಲ್ಲಿ ಗೋಡೆ ಮೇಲೆ ನಕ್ಷೆ ಎದ್ದಿರುತ್ತದೆ. ರಾತ್ರಿ ತಗಡು ಒಡೆಯುವಂತೆ ಸದ್ದು ಮಾಡಿ ಅರ್ಧ ಗಂಟೆಯಲ್ಲಿ ನಿಂತ ಮಳೆಗಿಂತ, ದಿನವಿಡೀ ಜಿಟಿಜಿಟಿ ಹಿಡಿದದ್ದರ ಪಟ್ಟಿ ಉದ್ದ ಬಂದರೆ ನೋಡಿ, ಮಕ್ಕಳು ಬಾಯಿಬಿಟ್ಟು ನಿಲ್ಲುತ್ತಾರೆ. ಸುಮ್ನೆ ಕಿವಿ ನಂಬಬಾರದು ಅಂತ ಅವರಿಗೇ ಹೊಳೆಯುತ್ತದೆ.

ಲೆಕ್ಕವನ್ನು ಮನೆಗೂ ಕಳಿಸಿ. ತೋಟದ ಅಜ್ಜಂದಿರು ಇಂಚಿನಲ್ಲಿ ಮಾತಾಡುತ್ತಾರೆ. ಒಂದಿಂಚು ಅಂದರೆ 25.4 ಮಿಲಿಮೀಟರ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ, ಅಂದರೆ ಐದು ಮೇಷ್ಟ್ರು ಒಬ್ಬರ ಹೆಗಲ ಮೇಲೊಬ್ಬರು ನಿಂತಷ್ಟು ನೀರು. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ.

ಒಂದು ವಾರ ಕಳೆದ ಮೇಲೆ, ಹೀಗೇ ಮಾಡಿದ ಅರ್ಧ ಲೀಟರಿನ ಸಣ್ಣ ಬಾಟಲಿಯನ್ನು ದೊಡ್ಡದರ ಪಕ್ಕದಲ್ಲಿಡಿ. ಯಾವುದರಲ್ಲಿ ನೀರು ಮೇಲೆ ಬರುತ್ತದೆ ಅಂತ ಕೇಳಿ, ಕೈ ಎತ್ತಿಸಿ, ಎಣಿಸಿ ಬೋರ್ಡಿನಲ್ಲಿ ಬರೆಯಿರಿ. ಉತ್ತರ ಹೇಳಬೇಡಿ. ಬೆಳಿಗ್ಗೆ ಎರಡರಲ್ಲೂ ನೀರು ಹೆಚ್ಚುಕಮ್ಮಿ ಒಂದೇ ಗೆರೆಗೆ ನಿಂತಿರುತ್ತದೆ. "ಯಾಕೆ?" ಅನ್ನುವುದನ್ನು ಅವರೇ ಕೇಳುವ ತನಕ ಕಾಯಿರಿ.