ಸಿಎಸ್‌ಎಫ್‌ಗೆ ಅಡಿನೋ ವೆಕ್ಟರ್: ಹಾಸನದಲ್ಲಿ ನಾವು ಮಾಡಿದ್ದು

ಕೊನೆಗೂ ಟೈಟರ್ (ರಕ್ತದಲ್ಲಿ ವೈರಸ್ ತಡೆಯುವ ಆ್ಯಂಟಿಬಾಡಿಯ ಮಟ್ಟ) ಬಂತು. ಸಿಎಸ್‌ಎಫ್ ಅಂದರೆ ಹಂದಿಗಳಿಗೆ ಬರುವ ಕ್ಲಾಸಿಕಲ್ ಸ್ವೈನ್ ಫೀವರ್. ಅದರ ವೈರಸ್ಸಿನ ಹೊರಪದರದ ಪ್ರೋಟೀನ್ ಇ2ರ ಜೀನ್ ಹೊತ್ತ ನಮ್ಮ ಅಡಿನೋ-5 ವೆಕ್ಟರ್ (ಜೀನ್ ಸಾಗಿಸಲು ಬಳಸುವ ಅಡಿನೋವೈರಸ್), ತಾಯಿಯ ಆ್ಯಂಟಿಬಾಡಿ ಇನ್ನೂ ಉಳಿದಿದ್ದ ಹಂದಿಮರಿಗಳಲ್ಲೂ ಕೆಲಸ ಮಾಡಿದೆ. "ಸೆಲ್ ಕಲ್ಚರ್ ಲಸಿಕೆ ಇದೆಯಲ್ಲ, ಹಾಸನದಲ್ಲಿ ಕೂತು ಇದೆಲ್ಲ ಯಾಕೆ ಸಾರ್?" ಎಂದವರೇ ಜಾಸ್ತಿ. ಲ್ಯಾಬಿನಲ್ಲಿ ಬೆಳೆಸಿದ ಸೆಲ್‌ಗಳಲ್ಲಿ ಮಾಡುವ ಆ ಲಸಿಕೆ ಒಳ್ಳೆಯದೇ, ಮೊಲ ಕೊಂದು ಗುಲ್ಮದಿಂದ ಮಾಡುತ್ತಿದ್ದ ಲಸಿಕೆಗಿಂತ ಎಷ್ಟೋ ವಾಸಿ. ಆದರೆ ಲಸಿಕೆ ಹಾಕಿದ ಹಂದಿ ಯಾವುದು, ರೋಗ ಬಂದು ಹೋದದ್ದು ಯಾವುದು ಅಂತ ರಕ್ತ ನೋಡಿ ಹೇಳಲು ಆಗುವುದಿಲ್ಲ ಅಲ್ವಾ? ನಮ್ಮದರಲ್ಲಿ ಇರುವುದು ಇ2 ಮಾತ್ರ. ವೈರಸ್ಸಿನ ಇನ್ನೊಂದು ಪ್ರೋಟೀನ್ ಇಆರ್‌ಎನ್‌ಎಸ್ ವಿರುದ್ಧದ ಆ್ಯಂಟಿಬಾಡಿ ಹುಡುಕುವ ಎಲೈಸಾ ಟೆಸ್ಟ್ ಪಾಸಿಟಿವ್ ಬಂದರೆ ಅದು ಸೋಂಕು.

ಮೊದಲು ಪೂರ್ತಿ ಇ2 ಹಾಕಿದ್ದೆವು. ಪ್ರೋಟೀನ್ ಸೆಲ್ ಒಳಗೇ ಉಳಿಯಿತು. ಕೊನೆಯ ಮೆಂಬ್ರೇನ್ ಭಾಗ ಕತ್ತರಿಸಿ, ಮುಂದೆ ಬೇರೆ ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಸೆಲ್‌ನಿಂದ ಹೊರಗೆ ಕಳಿಸುವ ತುಣುಕು) ಜೋಡಿಸಿದ ಮೇಲೆ ಸೆಲ್ ಬೆಳೆಸುವ ದ್ರವದಲ್ಲಿ ಅದರ ಬ್ಯಾಂಡ್ ಕಂಡಿತು. ಯಾವ ಪೆಪ್ಟೈಡ್ ಅಂತ ಈಗ ಹೇಳುವುದಿಲ್ಲ, ತುಂಬಾ ಹುಡುಕಿ ಹಿಡಿದದ್ದು. ಎರಡು ಸಲದ ಜೀನ್ ಸಿಂಥೆಸಿಸ್‌ಗೆ 40 ಸಾವಿರದ ಹತ್ತಿರ ಹೋಯಿತು.

ಜಾಸ್ತಿ ದುಡ್ಡು ತಿಂದದ್ದು ಸೀರಮ್, ಅಂದರೆ ಸೆಲ್ ಬೆಳೆಸಲು ಹಾಕುವ, ದನದ ರಕ್ತದಿಂದ ತೆಗೆದ ದ್ರವ. ಒಂದು ಹೊಸ ಬಾಟಲಿ ತೆರೆದಾಗಿನಿಂದ ಟೈಟರ್ ಅಳೆಯುವ ನ್ಯೂಟ್ರಲೈಸೇಶನ್ ಪ್ಲೇಟ್‌ಗಳು ಕೆಟ್ಟವು. ಈ ವೈರಸ್ ಸೆಲ್ ಕೊಲ್ಲುವುದಿಲ್ಲ, ಬಣ್ಣ ಹಾಕಿಯೇ ಓದಬೇಕು, ಆದರೆ ವೈರಸ್ಸೇ ಹಾಕದ ಪಿಕೆ-15 (ಹಂದಿಯ ಕಿಡ್ನಿ ಸೆಲ್) ವೆಲ್‌ಗಳಿಗೂ ಬಣ್ಣ ಬರುತ್ತಿತ್ತು. ಬಣ್ಣ ತರಿಸುವ ಕಾಂಜುಗೇಟ್ ಬದಲಿಸಿದೆವು, ಬೇಡದ ಬಣ್ಣ ತಡೆಯುವ ಬ್ಲಾಕಿಂಗ್ ಬದಲಿಸಿದೆವು, ಉಪಯೋಗವಾಗಲಿಲ್ಲ. ಪೆಸ್ಟಿವೈರಸ್ (ಸಿಎಸ್‌ಎಫ್ ವೈರಸ್ ಸೇರಿದ ಗುಂಪು) ಪ್ರೈಮರ್ ಹಾಕಿ ಸೀರಮ್‌ಗೇ ಆರ್‌ಟಿ-ಪಿಸಿಆರ್ ಮಾಡಿದಾಗ ಬ್ಯಾಂಡ್ ಬಂತು. ಸೀಕ್ವೆನ್ಸ್ ನೋಡಿದರೆ ದನಗಳಿಗೆ ಭೇದಿ ತರುವ ಬಿವಿಡಿ ವೈರಸ್, ಸಿಎಸ್‌ಎಫ್‌ನ ದಾಯಾದಿ! ಪಿಕೆ-15 ಸ್ಟಾಕ್ ಅಷ್ಟೂ ಆಟೋಕ್ಲೇವ್‌ಗೆ ಹೋಯಿತು. ವೈರಸ್ ಸಾಯಲೆಂದು ಗಾಮಾ ಕಿರಣ ಹಾಯಿಸಿದ ಸೀರಮ್ ಅರ್ಧ ಲೀಟರ್‌ಗೆ 50 ಸಾವಿರದ ಆಸುಪಾಸು ಇತ್ತು, ಗ್ರಾಂಟ್‌ನಲ್ಲಿ ಉಳಿದಿರಲಿಲ್ಲ, ಕೈಯಿಂದ ಹಾಕಿದೆವು. ಈಗ ಪ್ರತಿ ಬಾಟಲಿಯನ್ನೂ ಪಿಸಿಆರ್ ಮಾಡದೆ ಮುಟ್ಟುವುದಿಲ್ಲ.

ಮಳೆಗಾಲದಲ್ಲಿ ಸಕಲೇಶಪುರ ಕಡೆ ಕರೆಂಟ್ ನಂಬಿ ಡೀಪ್ ಫ್ರೀಜರ್ ಇಡಲಾಗುತ್ತದೆಯೇ? ಅದಕ್ಕೆ ಸುಕ್ರೋಸ್ (ಸಕ್ಕರೆ) ಬಫರ್‌ನಲ್ಲಿ ಸ್ವಲ್ಪ ವೆಕ್ಟರ್ ಬೆರೆಸಿ ಸುಮ್ನೆ ಮಾಮೂಲಿ ಫ್ರಿಜ್‌ನಲ್ಲಿಟ್ಟೆವು. ತಿಂಗಳುಗಟ್ಟಲೆ ಇಟ್ಟರೂ ವೆಕ್ಟರಿನ ಶಕ್ತಿ ಅರ್ಧ ಲಾಗ್‌ಗಿಂತ (ಅಂದರೆ ಸುಮಾರು ಮೂರರಲ್ಲೊಂದಕ್ಕೆ ಇಳಿಯುವುದಕ್ಕಿಂತ) ಕಡಿಮೆ ಇಳಿಯಿತು. ಮರಿಗಳ ಮೂಗಿಗೆ ವೆಕ್ಟರಿನ ಹನಿ ಹಾಕಿಯೂ ನೋಡಿದೆವು, ರಕ್ತದಲ್ಲಿ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ.

ಸ್ನಾಯುವಿಗೆ ಕೊಟ್ಟ ಎರಡನೇ ಡೋಸ್ ನಂತರ ಮರಿಗಳಲ್ಲಿ ಟೈಟರ್ 1:200ರ ಮೇಲೆ ಹೋಯಿತು, ಅಂದರೆ ರಕ್ತದ್ರವವನ್ನು 200 ಪಟ್ಟು ತೆಳು ಮಾಡಿದರೂ ವೈರಸ್ ತಡೆಯಿತು. ಖಾಲಿ ವೆಕ್ಟರ್ ಹಾಕಿದವುಗಳಲ್ಲಿ ತಾಯಿಯಿಂದ ಬಂದದ್ದು ಇಳಿಯುತ್ತಲೇ ಹೋಯಿತು. ಬೇಡ ಎಂದವರಿಗೆ ಆ ಎರಡು ಗೆರೆಗಳ ಗ್ರಾಫನ್ನೇ ತೋರಿಸಿದೆ. ಇನ್ನು ಚಾಲೆಂಜ್ (ಲಸಿಕೆ ಹಾಕಿದ ಹಂದಿಗೆ ರೋಗದ ವೈರಸ್ಸನ್ನೇ ಕೊಟ್ಟು ನೋಡುವುದು) ಬಾಕಿ. ಅದಕ್ಕೆ ಬೇಕಾದ ಬಿಎಸ್‌ಎಲ್-3 (ವೈರಸ್ ಹೊರಹೋಗದಂಥ ಬಿಗಿ ಭದ್ರತೆಯ) ಶೆಡ್ ನಮ್ಮಲ್ಲಿಲ್ಲ, ಇರುವ ಕಡೆಗೆ ಅರ್ಜಿ ಹಾಕಿದ್ದೇವೆ.